ಬೀಜ ಬಾರದ ಶುಕ್ರವಾರ

ಈ ವರ್ಷ ನಮ್ಮ ಘಟಕಕ್ಕೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರಿಗೆ ಒಂದು ತಾಸು ಪಾಠ ಮಾಡಬೇಕೆಂದು ಮೇಲಿನವರು ನನಗೆ ಹೇಳಿದ್ದಾರೆ. ಕೆಲಸದ ಜಾಗದಲ್ಲಿ ಏನಾದರೂ ಸುಧಾರಣೆ ಮಾಡಬೇಕೆಂದರೆ ಅದನ್ನು ಹೇಗೆ ಯೋಜಿಸಬೇಕು, ಒಪ್ಪಿಗೆ ಕೊಡುವವರ ಮುಂದೆ ಹೇಗೆ ಇಡಬೇಕು ಎಂಬುದು ವಿಷಯ. ಕಂಪ್ಯೂಟರಿನಲ್ಲಿ ಹಾಳೆ ತೆರೆದು ಕೂತೆ. ಟ್ರೇನಿಂಗಿನಲ್ಲಿ ಕಲಿಸಿದ ಮಾತು ಒಂದೂ ನೆನಪಾಗಲಿಲ್ಲ. ನೆನಪಾದದ್ದು ಒಬ್ಬ ಎತ್ತರದ ಮನುಷ್ಯ, ಹೆಗಲ ಮೇಲಿನ ಟವೆಲನ್ನು ತಲೆಗೆ ಸೆರಗಿನ ಹಾಗೆ ಹೊದ್ದುಕೊಂಡು, ಹೆಣ್ಣುದನಿ ಮಾಡಿ ನನ್ನನ್ನು ಬೈದದ್ದು.

ಅವರನ್ನು ಎಲ್ಲರೂ ಕಾಂಟಾ ಕಾಕಾ ಎಂದೇ ಕರೆಯುತ್ತಿದ್ದರು. ಕಾಂಟಾ ಎಂದರೆ ನಮ್ಮ ಕಡೆ ತಕ್ಕಡಿ. ಕುಷ್ಟಗಿಯ ಹೊರಗೆ, ಹೆದ್ದಾರಿಯ ಪಕ್ಕದಲ್ಲಿ ನಮ್ಮ ತರಕಾರಿ ಬೀಜದ ಘಟಕವಿದೆ. ಯಲಬುರ್ಗಾ, ಕುಷ್ಟಗಿ, ಕೊಪ್ಪಳದ ಹಳ್ಳಿಗಳಲ್ಲಿ ರೈತರು ಬೀಜದ ಬೆಳೆಗೆ ಬಲೆಯ ಪರದೆ ಮನೆ ಕಟ್ಟುತ್ತಾರೆ. ಹೆಣ್ಣುಮಕ್ಕಳು ಒಂದೊಂದೇ ಹೂವನ್ನು ಕೈಯಿಂದ ಬಿಡಿಸಿ ಪರಾಗ ಮುಟ್ಟಿಸುತ್ತಾರೆ. ಹಾಗೆ ಮಾಡಿದ ಟೊಮೆಟೊ, ಮೆಣಸಿನಕಾಯಿ, ಕಲ್ಲಂಗಡಿಯ ಬೀಜ ಒಣಗಿ, ಬಟ್ಟೆಯ ಚೀಲದಲ್ಲಿ ನಮ್ಮ ಅಂಗಳಕ್ಕೆ ಬರುತ್ತದೆ. ಬಂದ ಪ್ರತಿ ಚೀಲವನ್ನೂ ಮೊದಲು ಮುಟ್ಟುವವರು ಕಾಕಾ. ಇಟಗಿ ಕಡೆಯ ಊರಿನವರು. ಏಳನೆಯ ತರಗತಿಯವರೆಗೆ ಓದಿದ್ದರು. ಘಟಕದ ಗೋಡೆ ಏಳುವಾಗಲೇ ಕಲ್ಲು ಹೊರಲು ಬಂದವರು, ಗೋಡೆ ಮುಗಿದ ಮೇಲೆ ಒಳಗೇ ಉಳಿದರು ಎಂದು ಜನ ಹೇಳುತ್ತಿದ್ದರು.

ಚೀಲದ ಬಾಯಿ ಬಿಚ್ಚಿ ಮೊಣಕೈವರೆಗೆ ಕೈ ಇಳಿಸಿ, ಕಣ್ಣು ಮುಚ್ಚಿ, ಬೀಜ ಎಷ್ಟು ಹಸಿಯಿದೆ ಎಂದು ಹೇಳುವ ಅಭ್ಯಾಸ ಅವರಿಗಿತ್ತು. ನನ್ನ ಕೈಯಲ್ಲಿ ಮೀಟರ್ ಇರುತ್ತಿತ್ತು. ಬಹಳ ಸಲ ಇಬ್ಬರದೂ ಕೂಡುತ್ತಿತ್ತು. ಕೂಡದ ದಿನ ಅವರು ವಾದ ಮಾಡುತ್ತಿರಲಿಲ್ಲ. "ಮೀಟರ್ ಬರಕೊ ತಂಗಿ. ನನ್ನ ಕೈಗೆ ಇವತ್ತ ಜ್ವರ ಬಂದಾವ" ಎಂದು ಕೈ ಝಾಡಿಸಿ ಮುಂದಿನ ಚೀಲಕ್ಕೆ ಹೋಗುತ್ತಿದ್ದರು.

ಇನ್ನೊಂದು ರೂಢಿ ಇತ್ತು. ತೂಕವನ್ನು ಅವರು ಎಂದೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಅಂಕಿ ಕಾಣುವ ಪೆಟ್ಟಿಗೆಯನ್ನು ರೈತರ ಕಡೆ ತಿರುಗಿಸಿ ಸುಮ್ಮನೆ ನಿಲ್ಲುತ್ತಿದ್ದರು. ರೈತನೇ ಓದಬೇಕು. ಓದಲು ಬಾರದ ಮುದುಕಿ ಬಂದರೆ ಸಾಲಿನಲ್ಲಿರುವ ಬೇರೆ ಯಾರನ್ನಾದರೂ ಕರೆದು ಓದಿಸುತ್ತಿದ್ದರು. ಬಿಸಿಲು, ಹಿಂದೆ ಉದ್ದ ಸಾಲು, ನನಗೆ ಅವಸರ. ಒಂದು ದಿನ ತಡೆಯಲಾರದೆ ಕೇಳಿದೆ.

"ಕಾಕಾ, ನೀವ ಓದಿಬಿಟ್ರ ಲಗೂ ಆಗತೈತಲ್ಲರಿ?"

"ನಾ ಓದಿದ್ರ ಅದು ನನ್ನ ತೂಕ ಆಗತೈತಿ. ಅವರ ಓದಿದ್ರ ಅವರದಾಗತೈತಿ. ಮನೀಗೆ ಹೋದ ಮ್ಯಾಲ ಹೆಂಡ್ತಿ ಕೇಳ್ತಾಳಲ್ಲ, ಅವಾಗ ಅವಗ ಹೇಳಾಕ ಬಾಯಿ ಬೇಕು."

ನಾನು ಇರಕಲ್ಲಗಡದ ಹತ್ತಿರದ ಊರಿನವಳು. ಅಪ್ಪ ಕುರಿ ಕಾಯುತ್ತಾನೆ. ಅವ್ವ ಕೂಲಿಗೆ ಹೋಗುತ್ತಾಳೆ. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಕೊಪ್ಪಳದ ಕಾಲೇಜಿಗೆ ವರ್ಷಗಟ್ಟಲೆ ಬಸ್ಸಿನಲ್ಲಿ ನಿಂತೇ ಹೋಗಿ ಬಂದು ಬಿ.ಎಸ್ಸಿ. ಮಾಡಿದೆ. ಘಟಕದಲ್ಲಿ ಗುಣಮಟ್ಟ ನೋಡುವ ಸಹಾಯಕಿಯ ಕೆಲಸ ಸಿಕ್ಕಿತು, ಒಂದು ವರ್ಷದ ಕರಾರಿನ ಮೇಲೆ. ಮನೆಯಲ್ಲಿ ಮಾತು ಸ್ಪಷ್ಟವಾಗಿತ್ತು. "ನಿನ್ನ ನೌಕರಿ ಕಾಯಂ ಆತಂದ್ರ ನಿನ್ನ ತಂಗೀನೂ ಕಾಲೇಜಿಗೆ ಹಚ್ಚೂಣು. ಇಲ್ಲಂದ್ರ ಇಬ್ಬರದೂ ಮದುವಿ ಒಂದ ಹಂದರದಾಗ ಮುಗಸೂಣು" ಎಂದಿದ್ದಳು ಅವ್ವ. ತಂಗಿ ಆಗ ಪಿಯುಸಿ ಎರಡನೆಯ ವರ್ಷದಲ್ಲಿದ್ದಳು. ಅಕ್ಕಾ ಏನಾತು, ಅಕ್ಕಾ ಏನಾತು ಎಂದು ದಿನಾ ಫೋನು ಮಾಡುತ್ತಿದ್ದಳು.

ನಮ್ಮ ಮುಖ್ಯ ಕಚೇರಿಯವರು ವರ್ಷಕ್ಕೊಮ್ಮೆ ಪ್ರತಿ ಘಟಕದಿಂದ ಒಂದು ಸುಧಾರಣೆಯ ಯೋಜನೆ ಕೇಳುತ್ತಾರೆ. ಅದು ಒಪ್ಪಿಗೆಯಾಗಿ, ಒಂದು ಹಂಗಾಮು ನಡೆದು ತೋರಿಸಿದರೆ, ಬರೆದವರ ಹೆಸರು ಕಾಯಂ ಪಟ್ಟಿಗೆ ಹೋಗುತ್ತದೆ. ಮ್ಯಾನೇಜರು ನನಗೆ ಹೇಳಿದರು, "ನೀನು ಬರೀ ಅಮ್ಮಾ. ನಿನ್ನ ಬಿಟ್ಟು ಇಲ್ಲಿ ಕಂಪ್ಯೂಟರ್ ಮುಂದೆ ಕೂರೋರು ಯಾರಿದ್ದಾರೆ?" ಅವರು ಗಂಗಾವತಿ ಹತ್ತಿರದ ಸಿದ್ದಾಪುರದ ಕಡೆಯವರು, ಕಾಲುವೆ ಸೀಮೆಯ ಭತ್ತದ ಮನೆತನ, ಮನೆಯಲ್ಲಿ ತೆಲುಗು.

ಏನು ಬರೆಯಬೇಕೆಂದು ಹುಡುಕುವ ಕಷ್ಟವೇ ಇರಲಿಲ್ಲ. ಸುಗ್ಗಿಯಲ್ಲಿ ನಮ್ಮ ಅಂಗಳದ ಸಾಲು ಗೇಟು ದಾಟಿ ಡಾಬಾದವರೆಗೆ ಹೋಗುತ್ತಿತ್ತು. ಚೀಲಗಳು ಬಿಸಿಲಿಗೆ ಕಾಯುತ್ತಿದ್ದವು. ಒಳಗೆ ಬೀಜ ಬಿಸಿಯಾದರೆ ಮೊಳಕೆ ಸಾಯುತ್ತದೆ. ಒಂದು ಮನೆಯ ಇಡೀ ಹಂಗಾಮಿನ ದುಡಿಮೆ ಪರೀಕ್ಷೆಯಲ್ಲಿ ಬಿದ್ದುಹೋಗುತ್ತದೆ. ನಾನು ಒಂದು ವಾರ ಅಂಗಳದಲ್ಲೇ ಇದ್ದು ಯಾವ ಚೀಲ ಎಷ್ಟು ಹೊತ್ತು ಕಾದಿತು ಎಂದು ಬರೆದೆ. ನಂತರ ಊರುಗಳನ್ನು ವಾರದ ಆರು ದಿನಕ್ಕೆ ಸಮನಾಗಿ ಹಂಚಿ, ಟೋಕನ್ ಕೊಡುವ ಯೋಜನೆ ಮಾಡಿದೆ. ಸೋಮವಾರಕ್ಕೆ ಹಳದಿ, ಮಂಗಳವಾರಕ್ಕೆ ಹಸಿರು, ಹೀಗೆ ದಿನಕ್ಕೊಂದು ಬಣ್ಣ. ಹಾಳೆ ಒಳ್ಳೆ ಇಳಕಲ್ ಸೀರೆಯ ಹಾಗೆ ಕಾಣುತ್ತಿತ್ತು.

ಕಾಕಾಗೆ ತೋರಿಸಿದೆ. ಬೆರಳಿಟ್ಟು ಓದಿದರು. ಮಂಗಳವಾರದ ಮೇಲೆ ಬೆರಳು ನಿಂತಿತು. ಶುಕ್ರವಾರದ ಮೇಲೆ ಇನ್ನೂ ಸ್ವಲ್ಪ ಹೊತ್ತು ನಿಂತಿತು. ನನ್ನ ಮುಖ ನೋಡಿದರು. "ಹಾಳಿ ಛಲೋ ಐತಿ. ಬಣ್ಣಾನೂ ಛಲೋ ಹಾಕೀದಿ" ಎಂದು ಮಡಚಿ ಕೊಟ್ಟರು.

ಮ್ಯಾನೇಜರು ಒಂದು ವಾರ ಮಾಡಿ ನೋಡು ಎಂದರು. ಸೋಮವಾರ ಚೆನ್ನಾಗಿ ಹೋಯಿತು. ಮಂಗಳವಾರ ಅಂಗಳಕ್ಕೆ ಒಂದು ಚೀಲವೂ ಬರಲಿಲ್ಲ. ಹಮಾಲರು ನೆರಳಲ್ಲಿ ಸಾಲಾಗಿ ಕೂತರು. ಅವರ ಮುಖ್ಯಸ್ಥ ದೊಡ್ಡ ದನಿಯಲ್ಲಿ ಕೇಳಿದ, "ಅಕ್ಕಾರ, ಇವತ್ತ ಯಾರ ಚೀಲಾ ಹೊರೂಣ್ರಿ? ತರ್ರಿ, ನಿಮ್ಮ ಕಂಪ್ಯೂಟರರ ಹೊತ್ತ ಇಳಸ್ತೀವಿ." ಬುಧವಾರ ಮಂಗಳವಾರದವರೂ ಬಂದರು, ಬುಧವಾರದವರೂ ಬಂದರು. ಶುಕ್ರವಾರ ಮತ್ತೆ ಖಾಲಿ. ಮ್ಯಾನೇಜರು ಹೊರಗೆ ಬಂದು ಸೊಂಟಕ್ಕೆ ಕೈಯಿಟ್ಟು ನಿಂತರು. "ಏನಮ್ಮಾ ಇದು? ಅಂಗಳದಲ್ಲಿ ಒಂದು ಕಾಗೆ ಕೂಡ ಇಲ್ಲ." ಶನಿವಾರ ಯಲಬುರ್ಗಾ ಕಡೆಯ ರೈತನೊಬ್ಬ ನನ್ನ ಕೈ ಹಿಡಿದು ತನ್ನ ಚೀಲದೊಳಗೆ ಇಳಿಸಿದ. ಬೀಜ ಬೆಚ್ಚಗಾಗಿತ್ತು.

"ಏನವಾ, ಟೋಕನ್ ಕೊಟ್ಟು ನಮ್ಮ ಬೀಜಾ ಬೇಯಸ್ತೀಯೇನು?"

ಅವನ ಚೀಲಗಳನ್ನು ಆ ದಿನ ಮೊದಲು ತೆಗೆದುಕೊಂಡೆವು. ಮೊಳಕೆ ಉಳಿಯಿತು ಎಂದು ಆಮೇಲೆ ಗೊತ್ತಾಯಿತು. ಆ ಸಂಜೆ ಮಾತ್ರ ನಾನು ತಕ್ಕಡಿಯ ಕಟ್ಟೆಯ ಮೇಲೆ ಕೂತು ಕಾಕಾ ಮೇಲೆ ಸಿಟ್ಟು ತೀರಿಸಿಕೊಂಡೆ.

"ನಿಮಗ ಗೊತ್ತಿತ್ತು. ಮಂಗಳವಾರ, ಶುಕ್ರವಾರ ಯಾರೂ ಬರಂಗಿಲ್ಲ ಅಂತ ನಿಮಗ ಗೊತ್ತಿತ್ತು. ಯಾಕ ಹೇಳಲಿಲ್ರಿ?"

ಅವರು ತಕ್ಕಡಿಯ ಹಲಗೆ ಒರೆಸುತ್ತಿದ್ದರು. ತಿರುಗಿ ನೋಡಲಿಲ್ಲ. "ನಿನಗೂ ಗೊತ್ತಿತ್ತಲ್ಲವಾ."

ಹಲಗೆ ಒರೆಸಿ ಮುಗಿಸಿ ನನ್ನ ಕಡೆ ತಿರುಗಿದರು.

"ನಿಮ್ಮವ್ವ ಶುಕ್ರವಾರ ಬೀಜಾ ಹೊಸ್ತಿಲಾ ದಾಟಸ್ತಾಳೇನು?"

"ಇಲ್ರಿ."

"ಹಂಗಾರ ಈ ಹಾಳಿ ಯಾರ ಮನೀಗೆ ಬರದಿ?"

ಗೊತ್ತಿತ್ತು. ನಮ್ಮ ಕಡೆ ಮಂಗಳವಾರ, ಶುಕ್ರವಾರ ಕಾಳು ಬೀಜ ಮನೆಯಿಂದ ಹೊರಗೆ ಕೊಡುವುದಿಲ್ಲ. ಕೊಟ್ಟರೆ ಲಕ್ಷ್ಮಿ ಅದರ ಹಿಂದೆಯೇ ಹೋಗುತ್ತಾಳೆ. ಶುಕ್ರವಾರ ನೆರೆಮನೆಯವಳು ಒಂದು ಬೊಗಸೆ ಎಳ್ಳು ಕೇಳಿ ಬಂದರೆ ಅವ್ವ ಅವಳಿಗೆ ಚಹಾ ಕುಡಿಸಿ, ನಾಳೆ ಬಾರವಾ ಎಂದು ಕಳಿಸುವುದನ್ನು ನೋಡಿಯೇ ನಾನು ಬೆಳೆದದ್ದು. ಯೋಜನೆ ಬರೆಯುವಾಗಲೂ ಅದು ನೆನಪಾಗಿತ್ತು. ಬೇಕೆಂದೇ ಬಿಟ್ಟೆ. ಅಂಕಿ, ಬಣ್ಣ, ನಕ್ಷೆ ಇರುವ ಹಾಳೆಯಲ್ಲಿ ಲಕ್ಷ್ಮಿಯ ಮಾತು ಬರೆದರೆ ಮುಖ್ಯ ಕಚೇರಿಯವರು ನಕ್ಕಾರು, ಡಿಗ್ರಿ ಓದಿದರೂ ಕುರಿಯವರ ಹುಡುಗಿ ಕುರಿಯವರ ಹುಡುಗಿಯೇ ಎಂದಾರು ಎಂದು ನನಗೆ ಅಂಜಿಕೆ. ಓದು ನನಗೆ ಬಹಳ ಕೊಟ್ಟಿದೆ. ಆ ವಾರ ಅದು ನನ್ನ ಕಣ್ಣನ್ನೂ ಕಟ್ಟಿತ್ತು, ಕಟ್ಟಿಕೊಂಡವಳು ನಾನೇ.

ಸೋಮವಾರದಿಂದ ಊಟದ ಹೊತ್ತಿನಲ್ಲಿ ಕಾಕಾ ನನಗೆ ತಾಲೀಮು ಶುರು ಮಾಡಿದರು. ನಾನು ಯೋಜನೆಯನ್ನು ಗಟ್ಟಿಯಾಗಿ ಓದಬೇಕು. ಅವರು ಒಂದೊಂದು ಸಲಕ್ಕೆ ಒಬ್ಬೊಬ್ಬರಾಗುತ್ತಿದ್ದರು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿದರೆ ಮ್ಯಾನೇಜರು. "ಶೆಡ್ಡಿಗೆ ಎರಡು ತಗಡು ಜಾಸ್ತಿ ಬೇಕಾ? ಹೋದ ವರ್ಷ ಹಾಕಿದ್ದು ಏನಾಯ್ತಮ್ಮಾ?" ಕುಕ್ಕರಗಾಲಲ್ಲಿ ಕೂತರೆ ಹಮಾಲ. "ಸಂಜೀತನಾ ಚೀಲಾ ಇಳಸಿದ್ರ ನಮ್ಮೂರ ಬಸ್ಸ ನಿಮ್ಮಪ್ಪ ನಿಲ್ಲಸ್ತಾನೇನ್ರಿ?" ಉತ್ತರ ಬಾರದಿದ್ದರೆ ನಾನು ಆ ಸಾಲು ಹೊಡೆದುಹಾಕಬೇಕು. ಹಮಾಲರ ಬಸ್ಸಿನ ಪ್ರಶ್ನೆಗೆ ಉತ್ತರ ಹುಡುಕಲು ನನಗೆ ಎರಡು ದಿನ ಹಿಡಿಯಿತು. ಕೊನೆಗೆ, ಸಂಜೆ ಕೆಲಸವಿರುವ ದಿನ ಅವರು ತಡವಾಗಿ ಬರಲಿ, ಅವರನ್ನು ಊರಿಗೆ ಬಿಡಲು ಕಂಪನಿಯ ಗಾಡಿ ಹೋಗಲಿ ಎಂದು ಸೇರಿಸಿದೆ.

ಒಂದು ಮಧ್ಯಾಹ್ನ ಟವೆಲ್ ತಲೆಗೆ ಹೊದ್ದರು. ರೈತನ ಹೆಂಡತಿ. ನಾನು ಸಮಾಧಾನ ಮಾಡುವ ದನಿಯಲ್ಲಿ, ಯಕ್ಕಾ, ಕಾಲ ಬದಲಾಗೈತಿ, ಶುಕ್ರವಾರ ಒಂದಿನ ಕೊಟ್ರ ಏನಾಗತೈತಿ ಎಂದೆ.

"ಏನಾಗತೈತಿ?" ಕಾಕಾ ಕೈ ಬೀಸಿ ಎದ್ದರು. "ಏ ಹುಡುಗೀ, ಬೇಕಾದ್ರ ಶುಕ್ರವಾರ ನನ್ನ ಗಂಡನ್ನ ಕರಕೊಂಡ ಹೋಗು! ಹೊಸ್ತಿಲಾ ದಾಟ್ಲಿ, ಗೇಟ ದಾಟ್ಲಿ, ತಿರುಗಿ ಬರದಿದ್ರೂ ನಂದೇನ ತಕರಾರಿಲ್ಲ. ಬೀಜ ಮಾತ್ರ ದಾಟಂಗಿಲ್ಲ!"

ಹಮಾಲರು ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ನಗುತ್ತಿದ್ದಂತೆಯೇ ಹೊಳೆಯಿತು. ಗಂಡ ದಾಟಬಹುದು. ಶುಕ್ರವಾರ ಬರಬಾರದ್ದು ಬೀಜ. ಮನುಷ್ಯ ಬರಲು ಅಡ್ಡಿಯಿಲ್ಲ. ಹಾಗಾದರೆ ಬೀಜ ಗುರುವಾರವೇ ಬರಲಿ. ಬಂದ ತೂಕ ಬರೆದು, ಚೀಲದ ಬಾಯಿಗೆ ನಮ್ಮ ಮುದ್ರೆಯ ಜೊತೆ ರೈತನದೂ ಒಂದು ಗಂಟು ಹಾಕಿಸಿ ನೆರಳಲ್ಲಿಟ್ಟರೆ, ಅವನು ಮನೆಗೆ ಹೋಗಬಹುದು. ಹೊತ್ತು ಹಿಡಿಯುವುದು ತೂಕವಲ್ಲ. ಹಸಿ ನೋಡುವುದು, ಮತ್ತೆ ಒಣಗಿಸುವುದು, ಜರಡಿ ಹಿಡಿಯುವುದು. ಅದೆಲ್ಲ ಖಾಲಿ ಬಿದ್ದ ಶುಕ್ರವಾರ ಆಗಲಿ. ಆಮೇಲಿನ ತೂಕ ನೋಡಲು ಊರಿಗೊಬ್ಬ ಸಾಕ್ಷಿ ಬಂದರೆ ಸಾಕು. ಸೋಮವಾರಕ್ಕೂ ಮಂಗಳವಾರಕ್ಕೂ ಇದೇ ಜೋಡಿ.

ಒಂದು ಕಡೆ ಮಾತ್ರ ಕಾಕಾ ನನ್ನ ಮೇಲೆ ನಿಜವಾಗಿ ಸಿಟ್ಟಾದರು. ನಾನು ಸಾಕ್ಷಿಯ ಸಾಲು ತೆಗೆದು, ತೂಕ ಕಾಕಾ ಮಾಡುತ್ತಾರೆ, ರೈತರಿಗೆ ಅವರ ಮೇಲೆ ನಂಬಿಕೆ ಇದೆ ಎಂದು ಬರೆದಿದ್ದೆ. ಬರೆದದ್ದು ಸುಳ್ಳೇನೂ ಅಲ್ಲ.

"ಅದನ್ನ ತಗಿ. ನಾ ಇಲ್ಲದ ದಿನಾ ನಡದ್ರ ಅದು ಯೋಜನಿ. ನಾ ಇದ್ದಾಗಷ್ಟ ನಡದ್ರ ಅದು ನನ್ನ ಕೂಲಿ."

ತೆಗೆದೆ.

ಮುಖ್ಯ ಕಚೇರಿಯಿಂದ ಮೂವರು ಬಂದರು, ಇಬ್ಬರು ಗಂಡಸರು, ಒಬ್ಬ ಹೆಂಗಸು. ಹೆಂಗಸೇ ಹಿರಿಯರು. ಮ್ಯಾನೇಜರ ಕೋಣೆಯಲ್ಲಿ ಗೋಡೆಯ ಮೇಲೆ ನನ್ನ ಹಾಳೆಗಳನ್ನು ತೋರಿಸಬೇಕಿತ್ತು. ತಕ್ಕಡಿಯ ಬಗ್ಗೆ ಏನಾದರೂ ಕೇಳಿದರೆ ಇರಲಿ ಎಂದು ಕಾಕಾನನ್ನು ಬಾಗಿಲ ಹತ್ತಿರದ ಬೆಂಚಿನಲ್ಲಿ ಕೂರಿಸಿದ್ದರು. ಬೆಳಿಗ್ಗೆಯೇ ಕಾಕಾ ನನಗೆ ಹೇಳಿದ್ದರು, "ಲಾಭ ಎಷ್ಟ ಅಂತ ನೀ ಬಾಯಿಬಿಡಬ್ಯಾಡ. ಹಾಳಿ ಅವರ ಕಡೆ ತಿರುಗಸು. ಅವರ ಓದ್ಲಿ."

ಹಾಗೇ ಮಾಡಿದೆ. ಯಾವ ದಿನ ಎಷ್ಟು ಚೀಲ ಬಂದವು, ಎಷ್ಟು ಹೊತ್ತು ಬಿಸಿಲಲ್ಲಿ ಕಾದವು ಎಂಬ ಹಾಳೆ ತೋರಿಸಿ ಸುಮ್ಮನೆ ನಿಂತೆ. ಬಹಳ ಹೊತ್ತು ಎನಿಸಿತು. ಆಮೇಲೆ ಒಬ್ಬರು, "ಇದು ಹೀಗೇ ಬಿಟ್ಟರೆ ಬೀಜ ಕೆಡುತ್ತಲ್ಲ" ಎಂದು ತಾವೇ ಹೇಳಿದರು.

ಆದರೆ ಕಾಕಾಗೆ ಗೊತ್ತಿಲ್ಲದ ಒಂದು ಕೆಲಸ ಮಾಡಿದ್ದೆ. ಹಿಂದಿನ ಸಂಜೆ ಮತ್ತೆ ಅಂಜಿ, ಎರಡು ದಿನ ಬೀಜ ಬಾರದಿರುವುದಕ್ಕೆ ಕಾರಣ ಎಂಬಲ್ಲಿ 'ಸ್ಥಳೀಯ ಕಾರಣಗಳು' ಎಂದು ತಿದ್ದಿದ್ದೆ. ಹಿರಿಯ ಹೆಂಗಸಿನ ಕಣ್ಣು ಸರಿಯಾಗಿ ಅಲ್ಲಿಗೇ ಹೋಯಿತು.

"ಸ್ಥಳೀಯ ಕಾರಣ ಅಂದರೆ ಏನಮ್ಮ?"

ಬಾಗಿಲ ಕಡೆ ನೋಡಿದೆ. ಕಾಕಾ ನೆಲ ನೋಡುತ್ತಿದ್ದರು. ತಂಗಿಯ ಕಾಲೇಜು ನನ್ನ ನಾಲಿಗೆಯ ತುದಿಯಲ್ಲಿತ್ತು. ಸಾಗಣೆಯ ತೊಂದರೆ ಎಂದರೆ ಅಲ್ಲಿಗೆ ಮುಗಿಯುತ್ತಿತ್ತು, ಯಾರೂ ಮುಂದೆ ಕೇಳುತ್ತಿರಲಿಲ್ಲ. ಆದರೆ ಸಾಗಣೆಯ ತೊಂದರೆ ಎಂದರೆ ಅವರು ಒಂದು ಲಾರಿ ಕೊಡುತ್ತಿದ್ದರು. ಆ ಲಾರಿಯೂ ಶುಕ್ರವಾರ ಖಾಲಿ ಬರುತ್ತಿತ್ತು.

"ಮೇಡಂ, ನಮ್ಮ ಕಡೆ ಮಂಗಳವಾರ, ಶುಕ್ರವಾರ ಬೀಜ ಮನೀ ಹೊರಗ ಕೊಡಂಗಿಲ್ರಿ. ಲಕ್ಷ್ಮಿ ಹೋಗತಾಳ ಅಂತಾರ. ನಮ್ಮ ಮನ್ಯಾಗೂ ಕೊಡಂಗಿಲ್ರಿ. ಮೊದಲನೇ ಸಲ ನಾ ಅದನ್ನ ಬರೀಲಿಲ್ಲ, ನಾಚಿಕಿ ಆತು. ಅದಕ್ಕ ಆ ವಾರ ಕೆಟ್ಟಿತು. ಈಗಿನ ಯೋಜನಿ ಅದನ್ನ ಇಟಗೊಂಡ ಮಾಡೀನ್ರಿ." ಸಭೆಗೆಂದು ಕಲಿತಿದ್ದ ಭಾಷೆ ಎಲ್ಲಿ ಹೋಯಿತೋ, ನಮ್ಮೂರ ಮಾತೇ ಬಂತು.

ಗಂಡಸರಲ್ಲಿ ಒಬ್ಬರು ನಕ್ಕರು. ಅಷ್ಟರಲ್ಲಿ ನಮ್ಮ ಮ್ಯಾನೇಜರು ಗಂಟಲು ಸರಿಮಾಡಿಕೊಂಡರು. "ನಿಜಾನೇ ಮೇಡಂ. ನಮ್ಮಮ್ಮ ಗಂಗಾವತಿಯಲ್ಲಿದ್ದಾರೆ. ಶುಕ್ರವಾರ ಮಿಲ್ಲಿನ ಲಾರಿ ಬಾಗಿಲಿಗೆ ಬಂದರೂ ಒಂದು ಮೂಟೆ ಭತ್ತ ಎತ್ತೋಕೆ ಬಿಡಲ್ಲ."

ಹಿರಿಯ ಹೆಂಗಸು ಅವರ ಕಡೆ ತಿರುಗಿದರು. "ಅಂದರೆ ನಿಮಗೂ ಗೊತ್ತಿತ್ತು. ಇಷ್ಟು ವರ್ಷ ವರದಿಯಲ್ಲಿ ಶುಕ್ರವಾರದ್ದು ಏನಂತ ಬರೀತಿದ್ರಿ?"

"ಆಳುಗಳ ಕೊರತೆ ಅಂತ, ಮೇಡಂ."

ಆಗ ಎಲ್ಲರೂ ನಕ್ಕರು, ಮ್ಯಾನೇಜರೂ ಸೇರಿ. ಕಾಕಾ ಮಾತ್ರ ನಗಲಿಲ್ಲ; ಟವೆಲಿನಿಂದ ಮುಖ ಒರೆಸಿಕೊಂಡರು. ಒಂದು ಹಂಗಾಮು ನಡೆಸಿ ನೋಡಿ ಎಂದು ಒಪ್ಪಿಗೆ ಸಿಕ್ಕಿತು. ನನ್ನ ಕರಾರು ಅಲ್ಲಿಯವರೆಗೆ ಮುಂದೆ ಹೋಯಿತು. ಬಸ್ಸಿಗೆ ಹೊರಟಾಗ ಗೇಟಿನಲ್ಲಿ ಕಾಕಾ ಒಂದೇ ಮಾತು ಆಡಿದರು. "ಇನ್ನ ತಿದ್ದೂದಿದ್ರ ನನಗ ತೋರಿಸಿ ತಿದ್ದು."

ಹಂಗಾಮು ನಡೆಯಿತು. ಎಲ್ಲವೂ ನಾನು ಬರೆದ ಹಾಗೇ ಆಗಲಿಲ್ಲ. ಮೊದಲ ವಾರಗಳಲ್ಲಿ ಸಾಕ್ಷಿಗೆಂದು ಬಂದವರು ಊಟದ ಹೊತ್ತಿಗೆ ಸರಿಯಾಗಿ ಬಂದು ಮಲಗಿಬಿಡುತ್ತಿದ್ದರು. ಅಮಾವಾಸ್ಯೆಯನ್ನು ಲೆಕ್ಕಕ್ಕೆ ಹಿಡಿಯದೆ ಮತ್ತೊಮ್ಮೆ ಎಡವಿದೆ. ಆದರೆ ಚೀಲಗಳು ನೆರಳಲ್ಲಿ ನಿಂತವು, ಸಾಲು ಗೇಟಿನೊಳಗೇ ಉಳಿಯಿತು. ಹಂಗಾಮಿನ ನಡುವೆ ಕಾಕಾಗೆ ವಯಸ್ಸಾಯಿತೆಂದು ಕೆಲಸ ಬಿಡಿಸಿದರು. ಒಂದು ಶಾಲು, ಒಂದು ಗೋಡೆ ಗಡಿಯಾರ. ಮರುದಿನದಿಂದ ಹೊಸಬನೊಬ್ಬ ತಕ್ಕಡಿಗೆ ನಿಂತ. ಸಾಕ್ಷಿಗಳಿದ್ದರು, ಯೋಜನೆ ನಡೆಯಿತು.

ನನ್ನ ಕಾಯಂ ಪತ್ರ ಬಂದ ವಾರದ ಭಾನುವಾರ ನಾನು ಅವರ ಊರಿಗೆ ಹೋದೆ. ತಂಗಿಯ ಕಾಲೇಜಿನ ಅರ್ಜಿ ತುಂಬಿದ ಸುದ್ದಿಯನ್ನೂ ಹೇಳುವುದಿತ್ತು. ಕಾಕಾ ಕಟ್ಟೆಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದರು. ಪತ್ರವನ್ನು ಎರಡೂ ಕೈಯಲ್ಲಿ ಹಿಡಿದು, ಕಂಪನಿಯ ಹೆಸರಿನಿಂದ ಕೆಳಗಿನ ಸಹಿಯವರೆಗೆ ಓದಿದರು. ಓದಿ ಮುಗಿಸಿ ಮತ್ತೆ ಮೊದಲಿಗೆ ಬಂದರು. ಒಳಗಿನಿಂದ ಅವರ ಹೆಂಡತಿ ಬಂದವರು ಕಂಪನಿಯ ಗುರುತು ನೋಡಿ ಬಾಗಿಲಲ್ಲೇ ನಿಂತರು.

"ಕಡೀಕೂ ಕೊಟ್ರೇನ್ರೀ ನಿಮಗ?"

"ನಂದಲ್ಲ. ಈ ಹುಡುಗೀದು. ಸಕ್ರಿ ತಗೊಂಡ ಬಾ."

ಅವರು ಒಳಗೆ ಹೋದರು. ನಾನು ಕಾಕಾ ಮುಖ ನೋಡಿದೆ. "ನಿಮ್ಮದೂ ಕಾಯಂ ಇತ್ತಲ್ಲರಿ ಕಾಕಾ?"

"ಎಲ್ಲೀದವಾ. ಹಾಜರಿ ಹಾಕೂದು, ದಿನದ ಪಗಾರ ತಗೊಳ್ಳೂದು. ನಮ್ಮ ಕಂಪನಿ ಕಾಯಂ ಪತ್ರ ಹಿಂಗಿರತೈತಿ ಅಂತ ಇವತ್ತ ನೋಡಿದೆ." ದನಿಯಲ್ಲಿ ಕಹಿ ಇರಲಿಲ್ಲ. "ಕಾಗದ ದಪ್ಪ ಐತಿ" ಎಂದರು.

ಸಕ್ಕರೆ ಬಂತು. ತಿಂದೆ. ಆಮೇಲೆ ಹೇಳಿದೆ, ಈ ವರ್ಷದ ಯೋಜನೆಯನ್ನು ದಿನದ ಹಾಜರಿಯವರನ್ನು ಕಾಯಂ ಮಾಡುವುದರ ಮೇಲೆಯೇ ಬರೆಯುತ್ತೇನೆ, ನಿಮ್ಮ ಹೆಸರಿಟ್ಟು ಬರೆಯುತ್ತೇನೆ, ಎಂದು.

"ಬರಿ. ಆದ್ರ ನನ್ನ ಹೆಸರ ಬ್ಯಾಡ, ನಂದ ಮುಗೀತು. ಇನ್ನೂ ಹನ್ನೊಂದ ಮಂದಿ ಹಾಜರಿ ಮ್ಯಾಲ ಅದಾರ. ಅವರ ಹೆಸರ ಬರಿ."

ವಾಪಸು ಬರುವಾಗ ಬಸ್ಸಿನಲ್ಲೇ ನೋಟ್‌ಬುಕ್ ತೆಗೆದು ಬರೆಯತೊಡಗಿದೆ. ಏಳು ಹೆಸರು ಆಯಿತು. ಎಂಟನೆಯದಕ್ಕೆ ಪೆನ್ನು ನಿಂತಿತು. ಉಳಿದ ನಾಲ್ವರನ್ನು ನಾನು ದಿನಾ ನೋಡುತ್ತಿದ್ದೆ, ಮಾತಾಡಿಸುತ್ತಿದ್ದೆ, ಹೆಸರು ಗೊತ್ತಿರಲಿಲ್ಲ. ಸೋಮವಾರ ಊಟದ ಹೊತ್ತಿಗೆ ಹಮಾಲರ ಪಕ್ಕ ಹೋಗಿ ಕೂತೆ.

"ನಿಮ್ಮ ಹೆಸರೇನ್ರಿ?"

"ಯಾಕ್ರೀ ಅಕ್ಕಾರ," ಬುತ್ತಿ ಬಿಚ್ಚುತ್ತಿದ್ದವನು ಕೇಳಿದ, "ಇಷ್ಟ ದಿನ ಆದ ಮ್ಯಾಲ?"

ಅವನು ಕೇಳಿದ್ದು ಸರಿಯಾಗಿತ್ತು. ತಪ್ಪಾತ್ರಿ ಎಂದೆ. ಅವನು ರೊಟ್ಟಿ ಮುರಿದು ನನ್ನ ಕಡೆ ಒಂದು ಚೂರು ಚಾಚಿದ. ಆಮೇಲೆ ಹೆಸರು ಹೇಳಿದ.